ಮಗಳು ಬೆಳೆದಳು, ರವಿಕೆಯೂ ಬೆಳೆಯಲಿ

ನವೆಂಬರ್ 1 ಬಂತೆಂದರೆ ಐನ್ ಖಾಲಿದ್‌ನ ನಮ್ಮ ಮನೆಯಲ್ಲಿ ಗುಳೇದಗುಡ್ಡ ಖಣದ ಲಂಗ-ರವಿಕೆ ಹೊರಬರುತ್ತದೆ. ಹನ್ನೊಂದರ ಮಗಳಿಗೆ ಹೋದ ವರ್ಷದ್ದು ಈಗ ಬಿಗಿ. ಈ ವಯಸ್ಸಿನ ಮಕ್ಕಳಿಗೆ ‘ದಪ್ಪ ಆಗಿದ್ದೀಯ’ ಎನ್ನಬೇಡಿ. ಬದಲಾಗಬೇಕಾದ್ದು ಹೊಲಿಗೆ, ಮೈಯಲ್ಲ.

ಲೆಕ್ಕ ಸುಲಭ. ಪಕ್ಕದ ಹೊಲಿಗೆ ಎರಡು, ಪ್ರತಿಯೊಂದರಲ್ಲೂ ಬಟ್ಟೆ ಎರಡು ಪದರ. ಹೊಲಿಗೆಯನ್ನು ಕಾಲಿಂಚು ಅಂಚಿನತ್ತ ಸರಿಸಿದರೆ ಸುತ್ತಳತೆ 1 ಇಂಚು ಹೆಚ್ಚುತ್ತದೆ. ಎರಡೂ ಬದಿಗೆ ಸಮನಾಗಿ ಬಿಡಿ. ಹೊಸ ಗೆರೆಯನ್ನು ಕಂಕುಳ ದಾಟಿಸಿ ತೋಳಿನ ಹೊಲಿಗೆಗೆ ಮೆಲ್ಲನೆ ಸೇರಿಸಿ. ಆಮೇಲೆ ಹಳೆಯದನ್ನು ಬಿಚ್ಚಿ, ಇಸ್ತ್ರಿ ಹಾಕಿ. ತೊಡಿಸಿ, ಕೈ ಎತ್ತಿಸಿ ನೋಡಿ, ಎಲ್ಲೂ ಎಳೆಯಬಾರದು.

ಹೊಸದು ಹೊಲಿಸುವಾಗಲೇ ಪಕ್ಕದ ಅಂಚುಗಳಲ್ಲಿ 1 ಇಂಚು ಬಟ್ಟೆ ಒಳಗೆ ಬಿಡಿಸಿ. ಎಳೆ ಬಿಡದಂತೆ ಓವರ್‌ಲಾಕ್ ಮಾಡಿಸಿ. ಮಗಳು ಬೆಳೆದಂತೆ ಅದು ಕೆಲಸಕ್ಕೆ ಬರುತ್ತದೆ.