ಮಳೆಯ ಲೆಕ್ಕವೂ ಲೆಕ್ಕದ ವಿವರವೂ

ಕೊರಟಗೆರೆಯ ಸೀಮೆಯಲ್ಲಿ ಮಳೆಯ ಮಾತನ್ನಾಡದ ಮನೆಯಿಲ್ಲ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿಯು ವರ್ಷದ ಬಹುಕಾಲ ಮರಳಿನ ಹಾದಿಯಾಗಿಯೇ ಇರುವುದು. ಆದಕಾರಣ ರೋಹಿಣಿ ಮಳೆ ಬಂದಿತೆ, ಮೃಗಶಿರಾ ಕೈಕೊಟ್ಟಿತೆ ಎಂದು ಇಲ್ಲಿಯ ರೈತನು ಒಂದೊಂದು ಮಳೆಯನ್ನೂ ಲೆಕ್ಕವಿಡುತ್ತಾನೆ.

ಕೆಲವು ವರ್ಷಗಳ ಹಿಂದೆ ನಾವು ಪಾಠ ಹೇಳುತ್ತಿದ್ದ ಕಾಲೇಜೊಂದರ ಪ್ರಯೋಗಶಾಲೆಯ ಬೀರುವಿನಲ್ಲಿ ಹಳೆಯ ನೋಟುಪುಸ್ತಕವೊಂದು ದೊರೆಯಿತು. ರಟ್ಟಿನ ಮೇಲೆ ‘ಮಳೆ’ ಎಂಬ ಎರಡೇ ಅಕ್ಷರಗಳು. ಒಳಗೆ ಮುದ್ದಾದ ಬರಹದಲ್ಲಿ ಎರಡು ಸಾಲುಗಳು: ಒಂದರಲ್ಲಿ ತಾರೀಖು, ಇನ್ನೊಂದರಲ್ಲಿ ಅಂಕಿ. ‘ಜೂನ್ 10 – 34’ ಎಂಬುದು ಅವುಗಳಲ್ಲೊಂದು. ಯಾರೋ ಶ್ರದ್ಧಾವಂತರು ದಿನವೂ ತಪ್ಪದೆ ಅಳೆದು ಬರೆದಿದ್ದರು. ನಮಗಾದ ಸಂತೋಷ ಅಷ್ಟಿಷ್ಟಲ್ಲ. ಆದರೆ ಆ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. 34 ಎಂದರೆ ಏನು? 34 ಯಾವುದು?

ಮಳೆಯ ಅಳತೆಯೆಂದರೆ ನೀರಿನ ಆಳದ ಅಳತೆ. ಬಿದ್ದ ನೀರು ಹರಿಯದೆ, ಇಂಗದೆ, ಆವಿಯಾಗದೆ ನೆಲದ ಮೇಲೆ ಸಮನಾಗಿ ನಿಂತಿದ್ದರೆ ಅದರ ಆಳ ಎಷ್ಟಾಗುತ್ತಿತ್ತೋ ಅಷ್ಟು ಮಳೆ ಬಿದ್ದಿತೆನ್ನುತ್ತೇವೆ. ಆ 34 ಮಿಲಿಮೀಟರು ಆಗಿದ್ದರೆ ಅದು ನೆಲ ನೆನೆಯುವ ಒಳ್ಳೆಯ ಹದ ಮಳೆ. ಆದರೆ ಹಿಂದೆ ಮಳೆಯನ್ನು ಇಂಚು ಮತ್ತು ಸೆಂಟುಗಳಲ್ಲಿ ಅಳೆಯುತ್ತಿದ್ದರು. ಕೊಡಗಿನ ತೋಟಗಳಲ್ಲಿ ಈ ರೂಢಿ ಇಂದಿಗೂ ಉಂಟು. ಸೆಂಟು ಎಂದರೆ ಇಂಚಿನ ನೂರರಲ್ಲೊಂದು ಪಾಲು. 34 ಸೆಂಟು ಆಗಿದ್ದರೆ ಅದು ಸುಮಾರು 8.6 ಮಿಲಿಮೀಟರು ಮಾತ್ರ. ಅಥವಾ ಬರೆದವರು ಮಾಪಕದಲ್ಲಿ ಕೂಡಿದ ನೀರನ್ನು ಸಾಧಾರಣ ಅಳತೆಯ ಗಾಜಿಗೆ ಸುರಿದು ಮಿಲಿಲೀಟರುಗಳನ್ನೇ ಬರೆದಿದ್ದರೆ? ಮಾಪಕದ ಬಾಯಿಯ ವಿಸ್ತೀರ್ಣ 200 ಚದರ ಸೆಂಟಿಮೀಟರು ಇದ್ದಲ್ಲಿ 20 ಮಿಲಿಲೀಟರಿಗೆ ಒಂದು ಮಿಲಿಮೀಟರು ಮಳೆ. ಆಗ 34 ಎಂಬುದು 1.7 ಮಿಲಿಮೀಟರು. ಬಾಯಿ 100 ಚದರ ಸೆಂಟಿಮೀಟರಿನದಾಗಿದ್ದರೆ 3.4. ನಮ್ಮ ದೇಶದ ಹವಾಮಾನ ಇಲಾಖೆಯ ಲೆಕ್ಕದಲ್ಲಿ 2.5 ಮಿಲಿಮೀಟರಿಗೆ ಕಡಮೆ ಮಳೆಯಾದ ದಿನ ‘ಮಳೆಯ ದಿನ’ವೇ ಅಲ್ಲ. ನೋಡಿರಿ, ಒಂದೇ ಅಂಕಿ; ಒಂದು ಅರ್ಥದಲ್ಲಿ ಬಿತ್ತನೆಗೆ ಕರೆಯುತ್ತದೆ, ಇನ್ನೊಂದರಲ್ಲಿ ಧೂಳನ್ನೂ ಅಡಗಿಸದು!

ತಾರೀಖನ್ನಾದರೂ ನಂಬಬಹುದೆ? ಪುಸ್ತಕದಲ್ಲಿ ಇಸವಿಯೇ ಇರಲಿಲ್ಲ. ಅದು ಇದ್ದಿದ್ದರೂ ಸಂದೇಹ ತೀರುತ್ತಿರಲಿಲ್ಲ. ಭಾರತದಲ್ಲಿ ಮಳೆಯನ್ನು ಬೆಳಗ್ಗೆ 8.30ಕ್ಕೆ ಅಳೆದು, ಹಿಂದಿನ 24 ಗಂಟೆಗಳ ಮಳೆಯನ್ನು ಆ ಬೆಳಗಿನ ತಾರೀಖಿಗೆ ಬರೆಯುವುದು ಪದ್ಧತಿ. ಜೂನ್ 9ರ ರಾತ್ರಿ ಹತ್ತಕ್ಕೆ ಸುರಿದ ಮಳೆ ಜೂನ್ 10ರ ಲೆಕ್ಕಕ್ಕೆ ಸೇರುತ್ತದೆ. ಪದ್ಧತಿಯನ್ನರಿಯದವರು ಅದನ್ನು 9ಕ್ಕೇ ಬರೆದಾರು. ಖಾಲಿ ಬಿಟ್ಟ ಮನೆಗಳ ಗತಿಯೇನು? ಅಂದು ಮಳೆ ಬರಲಿಲ್ಲವೋ, ಅಳೆಯುವವರು ಬರಲಿಲ್ಲವೋ? ಸೊನ್ನೆಯೂ ಖಾಲಿಯೂ ಒಂದೇ ಅಲ್ಲ. ಹಾಳೆಗಳು ಕೆಲವು ಹರಿದುಹೋಗಿದ್ದುದರಿಂದ ವರ್ಷದ ಮೊತ್ತವನ್ನು ಹಾಕಿ ಊಹಿಸುವಂತೆಯೂ ಇರಲಿಲ್ಲ. ಕಡೆಗೆ ಪುಸ್ತಕವನ್ನು ಮಡಿಚಿ ಬೀರುವಿಗೇ ಸೇರಿಸಿದೆವು.

ಆ ಪುಸ್ತಕದಲ್ಲಿದ್ದುದು ದತ್ತಾಂಶ. ಇಲ್ಲದಿದ್ದುದು ದತ್ತಾಂಶದ ವಿವರ. ಈ ವಿವರವನ್ನೇ ಇಂದು ವಿಜ್ಞಾನಿಗಳು ಮೆಟಾಡೇಟಾ ಎಂದು ಕರೆಯುತ್ತಾರೆ. ಬಿತ್ತನೆ ಬೀಜದ ಚೀಲಕ್ಕೆ ಕಟ್ಟಿದ ಚೀಟಿ ಬೀಜವಲ್ಲ. ಆದರೆ ಚೀಟಿಯಿಲ್ಲದ ಚೀಲವನ್ನು ತಿಳಿದ ರೈತನು ಹೊಲಕ್ಕೆ ಒಯ್ಯುವುದಿಲ್ಲ. ಅಳೆದದ್ದು ಏನು, ಯಾವ ಮಾನದಲ್ಲಿ, ಯಾವ ಉಪಕರಣದಿಂದ, ಎಲ್ಲಿ, ಯಾವಾಗ, ಯಾರು, ದೊರೆಯದ ಅಂಕಿಗೆ ಯಾವ ಗುರುತು: ಇಷ್ಟನ್ನು ಹೇಳಿದರೆ ಅಂಕಿಗೆ ಅರ್ಥ ಬರುತ್ತದೆ.

ಇದು ಹಳ್ಳಿಯ ನೋಟುಪುಸ್ತಕದ ಕಥೆ ಮಾತ್ರವೆಂದು ಭಾವಿಸಬಾರದು. ಅಮೆರಿಕದ ನಾಸಾ ಸಂಸ್ಥೆಯು ಮಂಗಳಗ್ರಹಕ್ಕೆ ಕಳುಹಿಸಿದ್ದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆ 1999ರ ಸೆಪ್ಟೆಂಬರಿನಲ್ಲಿ ನಾಶವಾಯಿತು. ಭೂಮಿಯ ಮೇಲಿನ ಒಂದು ಗಣಕಕ್ರಮವು ನೌಕೆಯ ಆವೇಗವನ್ನು ಪೌಂಡ್-ಬಲ ಸೆಕೆಂಡುಗಳಲ್ಲಿ ಕೊಟ್ಟಿತು. ಅದನ್ನು ಬಳಸಿದವರು ನ್ಯೂಟನ್ ಸೆಕೆಂಡುಗಳೆಂದು ತಿಳಿದರು. ಇವೆರಡರ ನಡುವಣ ಅಂತರ ಸುಮಾರು 4.45 ಪಟ್ಟು. ನೌಕೆಯು ಎಣಿಸಿದುದಕ್ಕಿಂತ ಬಹು ತಗ್ಗಿನಲ್ಲಿ ಮಂಗಳದ ವಾತಾವರಣವನ್ನು ಹೊಕ್ಕಿತು.

ಈಗ ಮತ್ತೆ ನಮ್ಮ ಸೀಮೆಗೆ ಬರೋಣ. ಬರಗಾಲವಿದೆಯೇ ಎಂಬುದನ್ನು ನಿರ್ಣಯಿಸಲು ಬಿದ್ದ ಮಳೆಯನ್ನು ವಾಡಿಕೆಯ ಮಳೆಯೊಡನೆ ಹೋಲಿಸುತ್ತಾರೆ. ವಾಡಿಕೆಯೆಂದರೆ ಹಲವು ವರ್ಷಗಳ ಸರಾಸರಿ. ಮಾಪಕದ ಸುತ್ತಲಿನ ಮರ ಕಟ್ಟಡಗಳು ತಮ್ಮ ಎತ್ತರದ ಎರಡರಷ್ಟಾದರೂ ದೂರವಿರಬೇಕೆಂಬುದು ನಿಯಮ. ಮಾಪಕದ ಬಳಿ ಹುಣಸೆ ಸಸಿಯೊಂದು ಇಪ್ಪತ್ತು ವರ್ಷಗಳಲ್ಲಿ ಮರವಾಗಿ ಮಳೆಯನ್ನು ತಡೆದರೆ, ಊರಿಗೆ ಮಳೆ ಕಡಮೆಯಾಯಿತೆಂದು ಅಂಕಿಗಳು ಹೇಳುತ್ತವೆ. ನಿಜವಾಗಿ ಬದಲಾದುದು ಆಕಾಶವಲ್ಲ, ಅಂಗಳ. ಮಾಪಕವನ್ನು ಬೇರೆಡೆಗೆ ಸಾಗಿಸಿದರೂ ಇದೇ ಪಾಡು. ಆ ಸಂಗತಿಯನ್ನು ದಾಖಲೆಯಲ್ಲಿ ಬರೆದಿಟ್ಟಿದ್ದರೆ ಮಾತ್ರ ಲೆಕ್ಕವನ್ನು ಸರಿಪಡಿಸಬಹುದು. ರೈತನಿಗೆ ಸಲ್ಲುವ ಪರಿಹಾರದ ಹಿಂದೆ ಇಂತಹ ಒಂದು ಸಾಲಿನ ಟಿಪ್ಪಣಿಯೂ ಇರುವುದು ಸೋಜಿಗವಲ್ಲವೆ?

ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನಿರಿಸಿ, 15 ನಿಮಿಷಗಳಿಗೊಮ್ಮೆ ಅಂಕಿಗಳನ್ನು ತರಿಸಿಕೊಳ್ಳುತ್ತಿದೆ. 1988ರಲ್ಲಿ ಬರದ ಮೇಲೆ ಕಣ್ಣಿಡಲೆಂದು ಆರಂಭವಾದ ಘಟಕವೇ ಈ ಕೇಂದ್ರದ ಮೂಲ. ಅಂಕಿಗಳ ಇಂತಹ ಪ್ರವಾಹದಲ್ಲಿ ವಿವರವನ್ನು ಮನುಷ್ಯನಷ್ಟೇ ಅಲ್ಲ, ಯಂತ್ರವೂ ಓದುವಂತಿರಬೇಕು. ಹೆಸರುಗಳನ್ನೇ ನೋಡಿರಿ. ಹಿಂದಿನ ಕಡತಗಳಲ್ಲಿ ಮಧುಗಿರಿಯು ‘ಮದ್ದಗಿರಿ’. 2014ರಲ್ಲಿ ತುಮಕೂರಿನ ಇಂಗ್ಲಿಷ್ ಬರಹರೂಪ ಬದಲಾಯಿತು. ಹೊಸ ಹೆಸರಿನಲ್ಲಿ ಹುಡುಕುವ ಯಂತ್ರಕ್ಕೆ ಹಳೆಯ ಕಡತ ಕಾಣದು. ಆದರೆ ಉತ್ತರ ಅಕ್ಷಾಂಶ ಸುಮಾರು 13.5, ಪೂರ್ವ ರೇಖಾಂಶ ಸುಮಾರು 77.2 ಎಂದು ಬರೆದರೆ ಕೊರಟಗೆರೆ ಯಾವ ಹೆಸರಿನಲ್ಲಿದ್ದರೂ ಸಿಕ್ಕುತ್ತದೆ.

ಜಯಮಂಗಲಿಗೆ ರಾಜ್ಯದ ಎಲ್ಲೆಯ ಗೊಡವೆಯಿಲ್ಲ. ಅದು ಆಂಧ್ರಪ್ರದೇಶದತ್ತ ಹರಿದು ಉತ್ತರ ಪಿನಾಕಿನಿಯನ್ನು ಕೂಡುತ್ತದೆ. ಅಲ್ಲಿಯ ಕೆರೆಗಳನ್ನು ಅಭ್ಯಾಸ ಮಾಡುವವನಿಗೆ ಇಲ್ಲಿಯ ಮಳೆಯ ಲೆಕ್ಕ ಬೇಕು. ಅಪರಿಚಿತನೊಬ್ಬನು ಪತ್ರ ಬರೆದು ಕೇಳದೆಯೇ ಅರ್ಥಮಾಡಿಕೊಳ್ಳುವಂತಿದ್ದರೆ ಮಾತ್ರ ಅದನ್ನು ಹಂಚಿಕೊಂಡಂತಾಯಿತು. ದತ್ತಾಂಶವು ಹುಡುಕಿದರೆ ಸಿಕ್ಕಬೇಕು, ಕೈಗೆ ನಿಲುಕಬೇಕು, ಇತರ ದತ್ತಾಂಶಗಳೊಡನೆ ಹೊಂದಿಕೊಳ್ಳಬೇಕು, ಮತ್ತೆ ಬಳಸಲು ಬರಬೇಕು ಎಂಬ ನಾಲ್ಕು ಸೂತ್ರಗಳನ್ನು 2016ರಲ್ಲಿ ವಿಜ್ಞಾನಿಗಳ ತಂಡವೊಂದು ಮುಂದಿಟ್ಟಿತು. ಇವು ‘ಫೇರ್’ ಸೂತ್ರಗಳೆಂದು ಹೆಸರಾಗಿವೆ. ಭಾರತ ಸರ್ಕಾರವೂ 2012ರಲ್ಲಿ ದತ್ತಾಂಶದ ಹಂಚಿಕೆಗೆಂದು ರಾಷ್ಟ್ರೀಯ ನೀತಿಯೊಂದನ್ನು ಪ್ರಕಟಿಸಿತು. ಆದರೆ ಯಾವ ನೀತಿಯೂ ಅಳೆದವನು ಅಂದೇ ಬರೆಯದ ವಿವರವನ್ನು ಮೂವತ್ತು ವರ್ಷಗಳ ಮೇಲೆ ಹುಟ್ಟಿಸಲಾರದು.

ಆ ಹಳೆಯ ಪುಸ್ತಕದ ತರುವಾಯ ನಮ್ಮ ವಿದ್ಯಾರ್ಥಿಗಳು ಹೊಸದೊಂದನ್ನು ಆರಂಭಿಸಿದರು. ಮೊದಲ ಪುಟದಲ್ಲಿ ಒಂದು ಅಂಕಿಯೂ ಇಲ್ಲ. ಮಾಪಕದ ಬಗೆ, ಬಾಯಿಯ ವಿಸ್ತೀರ್ಣ, ಮಾನ, ಅಳೆಯುವ ವೇಳೆ, ಸ್ಥಳ, ಸುತ್ತಣ ಮರಗಳ ಎತ್ತರ ಮತ್ತು ದೂರ, ಅಳೆಯುವವರ ಹೆಸರು, ಅಳೆಯಲಾಗದ ದಿನಕ್ಕೆ ಹಾಕುವ ಗುರುತು, ಇವಿಷ್ಟೇ ಇವೆ. ಪುಟ ತುಂಬಲು ಅರ್ಧ ಗಂಟೆ ಹಿಡಿಯಿತು. ಎರಡನೆಯ ಪುಟದಿಂದ ಮಳೆ ಮೊದಲಾಗುತ್ತದೆ.