ದಂಡ ಸರ್ಕಾರದ್ದು, ಜೋಳಿಗೆ ಸಮಾಜದ್ದು

ಊರಿನಲ್ಲಿ ಏನೇ ಕೆಡುಕು ನಡೆದರೂ ಸರ್ಕಾರ ಏನು ಮಾಡುತ್ತಿದೆ ಎಂದು ಕೇಳುವುದು ನಮಗೆ ರೂಢಿಯಾಗಿದೆ. ಕೇಳುವುದು ತಪ್ಪಲ್ಲ. ಆರೋಗ್ಯಕ್ಕೆ ಹಾನಿಕರವಾದ ಮಾದಕ ಪಾನೀಯಗಳ ನಿಷೇಧಕ್ಕೆ ರಾಜ್ಯವು ಯತ್ನಿಸಬೇಕೆಂದು ಸಂವಿಧಾನದ 47ನೇ ವಿಧಿಯೇ ಹೇಳಿದೆ. ಆದರೆ ಸದ್ಭಕ್ತರಾದ ನಾವು ಏನು ಮಾಡುತ್ತಿದ್ದೇವೆ ಎಂಬುದನ್ನೂ ಕೇಳಿಕೊಳ್ಳಬೇಕಲ್ಲವೆ?

ನೆರೆಯ ಆಂಧ್ರದಲ್ಲಿ 1992ರ ಹೊತ್ತಿಗೆ ನೆಲ್ಲೂರು ಜಿಲ್ಲೆಯ ದೂಬಗುಂಟದ ತಾಯಂದಿರು ಸಾರಾಯಿಯ ವಿರುದ್ಧ ಎದ್ದು ನಿಂತರು. ಆ ಕಿಚ್ಚು ಊರಿಂದೂರಿಗೆ ಹಬ್ಬಿ, 1995ರಲ್ಲಿ ಪೂರ್ಣ ಪಾನನಿಷೇಧವೇ ಬಂದಿತು. 1997ರಲ್ಲಿ ಅದು ಸಡಿಲವಾಯಿತು. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಸಾರಾಯಿ ಹೋಯಿತು, ಕುಡಿತ ಹೋಗಲಿಲ್ಲ. ಅಂಗಡಿಗೆ ಬೀಗ ಹಾಕುವ ಶಕ್ತಿ ಕಾಯಿದೆಗಿದೆ. ಮನಸ್ಸನ್ನು ತಿರುಗಿಸುವ ಶಕ್ತಿ ಅದಕ್ಕಿಲ್ಲ.

ಆ ಕೆಲಸಕ್ಕಾಗಿಯೇ ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಹಣ ಬೇಡಲಿಲ್ಲ, ಕಾಳು ಬೇಡಲಿಲ್ಲ. ನಿಮ್ಮ ದುಶ್ಚಟಗಳನ್ನೇ ಭಿಕ್ಷೆಯಾಗಿ ನೀಡಿರೆಂದು ಜನರನ್ನು ಬೇಡಿದರು. ಅದೇ ಮಹಾಂತ ಜೋಳಿಗೆ. 2018ರಲ್ಲಿ ಪೂಜ್ಯರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಮಠದ ಕೆಲಸಕ್ಕೆ ಸರ್ಕಾರ ಕೈಜೋಡಿಸಿದ ಬಗೆ ಇದು.

ಹಾಗೆಂದು ಸಮಾಜವು ತನ್ನ ಎಲ್ಲೆ ಮೀರಬಾರದು. ಕುಡುಕನನ್ನು ಕಂಬಕ್ಕೆ ಕಟ್ಟುವುದು, ದಂಡ ವಿಧಿಸುವುದು, ಅವನ ಮನೆಯವರಿಗೆ ಬಹಿಷ್ಕಾರ ಹಾಕುವುದು ಹಿರಿಯರ ಅಧಿಕಾರವಲ್ಲ; ಅದು ಧರ್ಮವೂ ಅಲ್ಲ. ಕಿರಾಣಿ ಅಂಗಡಿಯಲ್ಲಿ ಕದ್ದು ಮದ್ಯ ಮಾರುತ್ತಿದ್ದರೆ ಅಬಕಾರಿ ಇಲಾಖೆಗೆ ತಿಳಿಸಬೇಕು. ಹೆಂಡತಿ ಮಕ್ಕಳಿಗೆ ಹೊಡೆತ ಬೀಳುತ್ತಿದ್ದರೆ ಮನೆಯ ಮರ್ಯಾದೆಯೆಂದು ಮುಚ್ಚಿಡದೆ ಪೊಲೀಸರ ನೆರವು ಕೇಳಬೇಕು. ಬಹುಕಾಲ ಕುಡಿದವರು ಒಮ್ಮೆಲೆ ಬಿಟ್ಟಾಗ ಕೈನಡುಕ, ಚಿತ್ತಭ್ರಮೆ ಕಾಣಿಸಿಕೊಂಡು ಜೀವಕ್ಕೇ ಅಪಾಯ ಬರಬಹುದು. ಅಂಥವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ಆಣೆ ಮಾಡಿಸಿದರಷ್ಟೇ ಸಾಲದು.

ಮಿಕ್ಕದ್ದು ನಮ್ಮ ಪಾಲು. ಜೋಳಿಗೆಗೆ ಚಟ ಹಾಕಿದವನನ್ನು ಜಾತ್ರೆಯಲ್ಲಿ, ಮದುವೆಯಲ್ಲಿ 'ಒಂದು ದಿನಕ್ಕೇನಾಯಿತು, ಬಾ' ಎಂದು ಕರೆಯುವವರು ಪರಊರಿನವರಲ್ಲ, ನಮ್ಮವರೇ. ಆ ಕರೆಯನ್ನು ನಿಲ್ಲಿಸಲು ಪೊಲೀಸರು ಬರಲಾರರು. ಬಿಟ್ಟವನ ಕೈಗೆ ಕೆಲಸ ಕೊಡುವುದು, ಪಂಕ್ತಿಯಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳುವುದು, ಎಡವಿದರೆ ಹೀಯಾಳಿಸದೆ ಎತ್ತುವುದು ಹಿರಿಯರಿಂದ ಆಗಬೇಕು. ಸರ್ಕಾರವು ಬೀದಿಯನ್ನು ಕಾಯಲಿ. ನಾವು ಮನೆಯನ್ನೂ ನೆರೆಯನ್ನೂ ಕಾಯೋಣ. ಎರಡೂ ಸೇರಿದಾಗಲೇ ಊರಿಗೆ ನೆಮ್ಮದಿ.