ತೆರೆಯ ಎರಡೂ ಬದಿಯಲ್ಲಿ ವೈದ್ಯರು

ಫುಕುವೋಕಾದಿಂದ ಕೊರಿಯಾದ ಬುಸಾನ್ ನಗರಕ್ಕೆ ಸಮುದ್ರದ ಮೇಲೆ ಸುಮಾರು 200 ಕಿಲೋಮೀಟರ್. 2003ರಲ್ಲಿ ಇಲ್ಲಿನ ಕ್ಯುಶು ವಿಶ್ವವಿದ್ಯಾಲಯದ ವೈದ್ಯರು ಸಾಗರದಡಿಯ ಆಪ್ಟಿಕಲ್ ಫೈಬರ್ ಮೂಲಕ ಕೊರಿಯಾದ ವೈದ್ಯರೊಡನೆ ಶಸ್ತ್ರಚಿಕಿತ್ಸೆಯ ನೇರ ದೃಶ್ಯಗಳನ್ನು ಹಂಚಿಕೊಳ್ಳತೊಡಗಿದರು. ಅಂದಿನ ವಿಡಿಯೋ ಸಂವಾದಗಳು ಬಹುಮಟ್ಟಿಗೆ ಐಎಸ್‌ಡಿಎನ್ ದೂರವಾಣಿ ಮಾರ್ಗವನ್ನು ಅವಲಂಬಿಸಿದ್ದವು. ಒಂದು ಮಾರ್ಗದ ವೇಗ ಸೆಕೆಂಡಿಗೆ 128 ಕಿಲೋಬಿಟ್. ಅಷ್ಟರಲ್ಲಿ ಹಿಡಿಸಲು ದೃಶ್ಯವನ್ನು ಬಹಳ ಕುಗ್ಗಿಸಬೇಕು. ಸೂಕ್ಷ್ಮ ರಕ್ತನಾಳಗಳು ಮಸುಕಾಗುತ್ತವೆ. ಈ ವೈದ್ಯರು ಆಯ್ದುಕೊಂಡ ಡಿವಿಟಿಎಸ್ ತಂತ್ರಾಂಶ ಸುಮಾರು 30 ಮೆಗಾಬಿಟ್ ಬಳಸುತ್ತಿತ್ತು. ಆ ಪ್ರಯತ್ನದ ಫಲವಾಗಿ 2008ರಲ್ಲಿ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಏಷ್ಯಾದ ಟೆಲಿಮೆಡಿಸಿನ್ ಕೇಂದ್ರವೇ ರೂಪುಗೊಂಡಿತು.

ಊರಿನ ಬಂಧುಗಳು ವಿಡಿಯೋ ಕರೆಯಲ್ಲಿ, “ಅಮ್ಮನ ಕಾಲು ಊದಿದೆ, ಸ್ವಲ್ಪ ನೋಡಪ್ಪಾ” ಎಂದಾಗ ನನಗೆ ಈ ಚರಿತ್ರೆ ನೆನಪಾಗುತ್ತದೆ. ಮೊಬೈಲ್ ಕರೆಯೂ ದೃಶ್ಯವನ್ನು ಕುಗ್ಗಿಸಿಯೇ ಕಳುಹಿಸುತ್ತದೆ. ಕೋಣೆಯ ದೀಪಕ್ಕೆ ತಕ್ಕಂತೆ ಚರ್ಮದ ಬಣ್ಣ ಬದಲಾಗುತ್ತದೆ. ಬಾವನ್ನು ಬೆರಳಿನಿಂದ ಒತ್ತಿ ನೋಡಬೇಕು, ಎದೆಗೆ ಸ್ಟೆತಸ್ಕೋಪ್ ಇಡಬೇಕು. ಉಸಿರಾಟ ಕಷ್ಟವಾದರೆ ಮೊದಲು ಹತ್ತಿರದ ಆಸ್ಪತ್ರೆ, ಕರೆ ಆಮೇಲೆ. ಅಲ್ಲಿನ ವೈದ್ಯರ ಎದುರು ಕುಳಿತು ಕರೆದರೆ ನನ್ನ ಮಾತೂ ಉಪಯೋಗಕ್ಕೆ ಬಂದೀತು.

ವಿದೇಶಕ್ಕೆ ಹೊರಡುವವರು ತಂದೆತಾಯಿಗೆ ಒಳ್ಳೆಯ ಫೋನ್ ಕೊಡಿಸುವುದು ಸರಿಯೇ. ಅದಕ್ಕೂ ಮೊದಲು ಅವರನ್ನು ಬಲ್ಲ ಒಬ್ಬ ವೈದ್ಯರನ್ನು ಊರಿನಲ್ಲಿ ಗೊತ್ತುಮಾಡಿರಿ. ಫುಕುವೋಕಾ–ಕೊರಿಯಾ ಸಂವಾದ ಫಲಿಸಿದ್ದು ಕೇವಲ ವೇಗದಿಂದಲ್ಲ. ತೆರೆಯ ಎರಡೂ ಬದಿಯಲ್ಲಿ ವೈದ್ಯರಿದ್ದರು.